ಲಕ್ವಾ ಆದ ಮೇಲೆ ಶಕ್ತಿಯ ಡಬ್ಬಿಗಳು: ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು?

ನವನಗರದ_ಮಗಳು (ಹುಬ್ಬಳ್ಳಿ)

ನಮ್ಮ ತಂದೆಯವರಿಗೆ 66 ವರ್ಷ. ಐದು ವಾರಗಳ ಹಿಂದೆ ಬೆಳಗಿನ ಜಾವ ಎದ್ದು ಚಪ್ಪಲಿ ಮೆಟ್ಟಲು ಹೋದಾಗ ಬಲಗಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಅವ್ವನನ್ನು ಕೂಗಿದರೆ ಮಾತೂ ತೊದಲಿತು. ಮಿದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾಯಿತು. ಹನ್ನೊಂದು ದಿನ ದವಾಖಾನೆಯಲ್ಲಿದ್ದು ಮನೆಗೆ ಬಂದಿದ್ದಾರೆ. ಈಗ ಕೋಲು ಹಿಡಿದು ಪಡಸಾಲೆಯ ಉದ್ದಕ್ಕೆ ನಡೆಯುತ್ತಾರೆ, ಮಾತು ಮುಕ್ಕಾಲು ಪಾಲು ತಿಳಿಯುತ್ತದೆ, ಆದರೆ ಬಲಗೈ ಇನ್ನೂ ಎದೆಗೆ ಅಂಟಿಕೊಂಡೇ ಇದೆ.

ನನ್ನ ಪ್ರಶ್ನೆ ವೈದ್ಯರು ಬರೆದ ಗುಳಿಗೆಗಳ ಬಗ್ಗೆ ಅಲ್ಲ. ಹೆಪ್ಪು ಕಟ್ಟದಿರಲು ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್, ಬಿಪಿಗೆ ಟೆಲ್ಮಿಸಾರ್ಟಾನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಇವು ತಪ್ಪದೆ ನಡೆಯುತ್ತಿವೆ. ಆದರೆ ನೋಡಲು ಬಂದವರೆಲ್ಲ ಒಂದೊಂದು ಹೆಸರು ಹೇಳಿ ಹೋಗಿ, ಈಗ ನಮ್ಮ ಕಪಾಟಿನಲ್ಲಿ ಒಂದು ಪ್ರೋಟೀನ್ ಪುಡಿ, ಒಂದು ಮೀನೆಣ್ಣೆಯ ಕ್ಯಾಪ್ಸೂಲ್, ಒಂದು ‘ನರಗಳ ಶಕ್ತಿ’ಯ ಗುಳಿಗೆ ಮತ್ತು ವಿಟಮಿನ್ ಇ ಸೇರಿಕೊಂಡಿವೆ. ತಿಂಗಳಿಗೆ ಸುಮಾರು 4,300 ರೂಪಾಯಿ. ಫಿಸಿಯೋಥೆರಪಿಯವರಿಗೆ ದುಡ್ಡು ಕೊಡುವುದಕ್ಕೇ ನಾವು ಒದ್ದಾಡುತ್ತಿದ್ದೇವೆ. ತೂಕ 64 ಕಿಲೋದಿಂದ 58ಕ್ಕೆ ಇಳಿದಿದೆ. ಇವುಗಳಲ್ಲಿ ಯಾವುದು ನಿಜವಾಗಿ ಕೈ ಎತ್ತಿಸುತ್ತದೆ?

ಶಿರಹಟ್ಟಿ_ಹುಡುಗ

ನಮ್ಮ ದೊಡ್ಡಪ್ಪನಿಗೆ ಅದೇ ಪ್ರೋಟೀನ್ ಪುಡಿ ಕೊಟ್ಟೆವು, ಮೂರು ತಿಂಗಳಲ್ಲಿ ಎದ್ದು ಹೊಲಕ್ಕೆ ಹೋದರು. ಅನುಮಾನ ಪಡದೆ ಕೊಡಿರಿ ಅಕ್ಕಾ.

ಮುಂಡರಗಿ_ರೈತ

ತಮ್ಮಾ, ನಮ್ಮ ಅಣ್ಣ ಯಾವ ಪುಡಿಯನ್ನೂ ಕುಡಿಯದೆ ಮೂರು ತಿಂಗಳಲ್ಲಿ ಎದ್ದು ಹೊಲಕ್ಕೆ ಹೋದ. ಹಾಗಾದರೆ ಏನೂ ಕುಡಿಯದಿರುವುದೇ ಔಷಧ ಎನ್ನೋಣವೇ?

ಶಿರಹಟ್ಟಿ_ಹುಡುಗ

ನಾನು ಕಣ್ಣಾರೆ ಕಂಡದ್ದನ್ನು ಹೇಳಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಧಾರವಾಡ_ಫಿಸಿಯೋ

ಇಬ್ಬರೂ ಕಂಡದ್ದು ನಿಜವೇ ಇರಬೇಕು. ಪಾರ್ಶ್ವವಾಯುವಿನಲ್ಲಿ ಚೇತರಿಕೆಯ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲಿಯೇ ಕಾಣಿಸುತ್ತದೆ. ಆ ಅವಧಿಯಲ್ಲಿ ಕೈಗೆ ತಾಯಿತ ಕಟ್ಟಿದ್ದರೂ ತಾಯಿತಕ್ಕೇ ಹೆಸರು ಬರುತ್ತಿತ್ತು.

ಅಕ್ಕಾ, ಡಬ್ಬಿಗಳ ವಿಷಯಕ್ಕೆ ಬರುವ ಮೊದಲು ಒಂದು ಮಾತಿಗೆ ಉತ್ತರಿಸಿ: ತಂದೆಯವರು ನೀರು ಕುಡಿಯುವಾಗ ಕೆಮ್ಮುತ್ತಾರೆಯೇ? ಕುಡಿದ ಮೇಲೆ ಅವರ ದನಿ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಎನ್ನುತ್ತದೆಯೇ? ಒಂದು ತುತ್ತು ಕೆನ್ನೆಯೊಳಗೇ ಉಳಿಯುತ್ತದೆಯೇ?

ನವನಗರದ_ಮಗಳು

ನೀರು ಕುಡಿಯುವಾಗ ಮೂರಕ್ಕೆ ಒಂದು ಸಲ ನೆತ್ತಿ ಹತ್ತುತ್ತದೆ. ರೊಟ್ಟಿಯ ಚೂರು ಬಲಗೆನ್ನೆಯಲ್ಲಿ ಉಳಿದು, ಅವ್ವ ಬೆರಳು ಹಾಕಿ ತೆಗೆಯುತ್ತಾಳೆ. ಅವಸರದಲ್ಲಿ ಕುಡಿಯುತ್ತಾರೆ, ಅದಕ್ಕೆ ಹಾಗಾಗುತ್ತದೆ ಎಂದುಕೊಂಡಿದ್ದೆವು.

ಧಾರವಾಡ_ಫಿಸಿಯೋ

ಅವಸರದ ಮಾತಲ್ಲ ಇದು. ಲಕ್ವಾ ಕೈಕಾಲನ್ನು ಹಿಡಿದಂತೆ ಗಂಟಲಿನ ಸ್ನಾಯುಗಳನ್ನೂ ಹಿಡಿಯುತ್ತದೆ. ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ನುಂಗುವ ತೊಂದರೆ ಇರುತ್ತದೆ, ಕೆಲವರಿಗೆ ಅದು ಉಳಿದುಕೊಳ್ಳುತ್ತದೆ. ನೀರು, ಚಹಾ, ತೆಳು ಮಜ್ಜಿಗೆಯಂಥವು ಬೇಗ ಹರಿಯುವುದರಿಂದ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ತರಬಹುದು. ಕೆಲವರಿಗೆ ಹಾಗೆ ಜಾರಿದರೂ ಕೆಮ್ಮೇ ಬರುವುದಿಲ್ಲ, ಅದು ಇನ್ನೂ ಅಪಾಯ. ಈಗ ಯೋಚಿಸಿ: ನೀವು ಶಕ್ತಿ ಬರಲಿ ಎಂದು ಪ್ರೋಟೀನ್ ಪುಡಿಯನ್ನು ಒಂದು ಲೋಟ ನೀರಿನಲ್ಲಿ ತೆಳ್ಳಗೆ ಕಲಸಿ ಕೊಡುತ್ತಿದ್ದೀರಿ.

ಈ ವಾರವೇ ನುಂಗುವಿಕೆಯನ್ನು ಪರೀಕ್ಷಿಸುವ ವಾಕ್ ಚಿಕಿತ್ಸಕರಲ್ಲಿಗೆ ಕರೆದುಕೊಂಡು ಹೋಗಿ. ಯಾವ ಪದಾರ್ಥ ಎಷ್ಟು ಗಟ್ಟಿ ಇರಬೇಕೆಂದು ಅವರೇ ಹೇಳಬೇಕು, ಮನೆಯಲ್ಲಿ ಅಂದಾಜಿನ ಮೇಲೆ ಮಾಡುವುದಲ್ಲ. ಅಲ್ಲಿಯವರೆಗೆ ಮಲಗಿಸಿ ಏನನ್ನೂ ಕುಡಿಸಬೇಡಿ. ನೆಟ್ಟಗೆ ಕೂರಿಸಿ, ಸಣ್ಣ ಚಮಚೆಯಲ್ಲಿ ಕೊಟ್ಟು, ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು ಕೊಡಿ. ಊಟವಾದ ಮೇಲೆ ಅರ್ಧ ಗಂಟೆ ಕುಳಿತೇ ಇರಲಿ. ಬಾಯಿಯನ್ನು ಸ್ವಚ್ಛ ಮಾಡಿಸಿ. ಟಿವಿ ಆರಿಸಿಬಿಡಿ, ಉಣ್ಣುವಾಗ ಅವರನ್ನು ಮಾತಿಗೆಳೆಯಬೇಡಿ.

ಹಾವೇರಿ_ಮೆಡಿಕಲ್

ನಾನು ಇಪ್ಪತ್ತು ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ, ಆದ್ದರಿಂದ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುವ ಮಾತು ಹೇಳುತ್ತೇನೆ. ಬಿಪಿಯ ಗುಳಿಗೆಯಲ್ಲಿ ನಮಗೆ ಉಳಿಯುವುದು ಅಷ್ಟಕ್ಕಷ್ಟೇ. ಡಬ್ಬಿಗಳಲ್ಲಿ ಉಳಿಯುವುದು ಚೆನ್ನಾಗಿದೆ. ‘ಅಶಕ್ತಿ’ ಎಂಬ ಮಾತು ಗಿರಾಕಿಯ ಬಾಯಿಂದ ಬಂದರೆ ಸಾಕು, ಹುಡುಗನ ಕೈ ತಾನಾಗಿ ಮೇಲಿನ ಕಪಾಟಿಗೆ ಹೋಗುತ್ತದೆ.

‘ನರಗಳ ಶಕ್ತಿ’ಯ ಗುಳಿಗೆ ಎಂದರಲ್ಲ, ಅದರ ಹಿಂಬದಿಯಲ್ಲಿ ಸಿಟಿಕೋಲಿನ್ ಎಂದು ಬರೆದಿದೆಯೇ ನೋಡಿ.

ನವನಗರದ_ಮಗಳು

ಹೌದು ಸರ್, ಸಿಟಿಕೋಲಿನ್ 500 ಮಿ.ಗ್ರಾಂ. ಎಂದೇ ಇದೆ. ಇದನ್ನು ದವಾಖಾನೆಯ ಚೀಟಿಯಲ್ಲಿ ಬರೆದಿರಲಿಲ್ಲ, ಸಂಬಂಧಿಕರೊಬ್ಬರು ಹೇಳಿದ್ದು.

ಹಾವೇರಿ_ಮೆಡಿಕಲ್

ನಮ್ಮ ಕಡೆ ಚೀಟಿಯಲ್ಲಿಯೂ ಬಹಳ ಬರುತ್ತದೆ, ಆದ್ದರಿಂದ ನಾನು ಯಾರನ್ನೂ ದೂರುತ್ತಿಲ್ಲ. ಆದರೆ ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದ ‘ಇಕ್ಟಸ್’ ಎಂಬ ಅಧ್ಯಯನವೊಂದಿದೆ. ಜರ್ಮನಿ, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಹೊಸದಾಗಿ ಲಕ್ವಾ ಆದ 2,298 ಜನರಲ್ಲಿ ಅರ್ಧ ಮಂದಿಗೆ ದಿನಕ್ಕೆ 2,000 ಮಿ.ಗ್ರಾಂ.ನಂತೆ ಆರು ವಾರ ಸಿಟಿಕೋಲಿನ್, ಉಳಿದವರಿಗೆ ಅದೇ ರೂಪದ ಹುಸಿ ಔಷಧ ಕೊಟ್ಟರು. 2012ರಲ್ಲಿ ಫಲಿತಾಂಶ ಹೊರಬಂದಾಗ ಎರಡು ಗುಂಪುಗಳ ಚೇತರಿಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ನಿಮ್ಮ ತಂದೆಯವರಿಗೆ ಸಿಗುತ್ತಿರುವ ಪ್ರಮಾಣ ಅದರ ಕಾಲು ಭಾಗವೋ ಅರ್ಧವೋ ಇರಬೇಕು. ಹಾನಿ ಮಾಡುವ ಗುಳಿಗೆಯಲ್ಲ, ಆದರೆ ದುಬಾರಿ. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳಿ ನಿಲ್ಲಿಸಬಹುದು.

ವಿಟಮಿನ್ ಇ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೆಕ್ಕದಲ್ಲಿ, ವಿಟಮಿನ್ ಇ ತೆಗೆದುಕೊಂಡವರಲ್ಲಿ ಹೆಪ್ಪುಗಟ್ಟುವ ಲಕ್ವಾ 10 ಶೇಕಡಾ ಕಡಿಮೆಯಾಗಿ, ಮಿದುಳಿನಲ್ಲಿ ರಕ್ತಸ್ರಾವವಾಗುವ ಲಕ್ವಾ 22 ಶೇಕಡಾ ಹೆಚ್ಚಾಗಿತ್ತು. ಕ್ಲೋಪಿಡೋಗ್ರೆಲ್ ಈಗಾಗಲೇ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತಿದೆ. ಅದರ ಮೇಲೆ ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿಯ ಕ್ಯಾಪ್ಸೂಲ್, ಗಿಂಕ್ಗೊ ಎಂಬ ಗಿಡಮೂಲಿಕೆ ಎಂದು ಒಂದರ ಮೇಲೊಂದು ಪೇರಿಸುತ್ತ ಹೋಗುವುದು ಬುದ್ಧಿವಂತರ ಕೆಲಸವಲ್ಲ. ಅಡುಗೆಯ ಬೆಳ್ಳುಳ್ಳಿಗೆ ನನ್ನ ತಕರಾರಿಲ್ಲ.

ರಾಣೇಬೆನ್ನೂರು_ಸೊಸೆ

ಮೀನೆಣ್ಣೆ ಬೇಡವೆಂದರೆ ಅಗಸಿ ಚಟ್ನಿಪುಡಿ ಕೊಡಬಹುದಲ್ಲವೇ? ನಮ್ಮಲ್ಲಿ ದಿನಾ ಇರುತ್ತದೆ. ಅದರಲ್ಲಿಯೂ ಒಮೆಗಾ 3 ಇದೆ ಎನ್ನುತ್ತಾರೆ.

ಆಹಾರ_ತಜ್ಞೆ (ಧಾರವಾಡ)

ಇದೆ. ಅಗಸಿಯಲ್ಲಿರುವ ಒಮೆಗಾ 3 ಮೀನಿನಲ್ಲಿರುವ ಬಗೆಯದಲ್ಲ, ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಆ ಬಗೆಗೆ ಪರಿವರ್ತಿಸಿಕೊಳ್ಳುತ್ತದೆ. ಆದರೂ ಅದು ಒಳ್ಳೆಯ ಆಹಾರ. ಕೈ ಎತ್ತಿಸುತ್ತದೆ ಎಂಬ ಆಸೆಯಿಂದ ತಿನ್ನಬೇಡಿ, ರುಚಿಗೆ ತಿನ್ನಿ. ಒಣಪುಡಿ ಗಂಟಲಿಗೆ ಹಾರುವುದರಿಂದ ಈ ತಂದೆಯವರಿಗೆ ಮೊಸರಿನಲ್ಲಿ ಕಲಸಿಯೇ ಕೊಡಬೇಕು.

ಈಗ ಪ್ರೋಟೀನ್ ಪುಡಿಗೆ ಬರೋಣ. ಲಕ್ವಾ ಆದ ಎಲ್ಲರಿಗೂ ಪೌಷ್ಟಿಕ ಪುಡಿ ಅಥವಾ ಪಾನೀಯ ಕೊಟ್ಟರೆ ಲಾಭವಾಗುತ್ತದೆಯೇ ಎಂದು ನೋಡಿದ ‘ಫುಡ್’ ಎಂಬ ಅಧ್ಯಯನದಲ್ಲಿ 15 ದೇಶಗಳ 4,023 ರೋಗಿಗಳಿದ್ದರು. 2005ರಲ್ಲಿ ಬಂದ ಅದರ ಉತ್ತರ ಇಷ್ಟು: ಎಲ್ಲರಿಗೂ ವಾಡಿಕೆಯಂತೆ ಕೊಡುವುದರಿಂದ ಸಾವಾಗಲಿ ಅಂಗವೈಕಲ್ಯವಾಗಲಿ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಆದರೆ ಆ ರೋಗಿಗಳಲ್ಲಿ ಮೊದಲೇ ಪೋಷಣೆ ಕೊರತೆ ಇದ್ದವರು 8 ಶೇಕಡಾ ಮಾತ್ರ. ಹೊಟ್ಟೆ ತುಂಬಿದವರಿಗೆ ಇನ್ನಷ್ಟು ಬಡಿಸಿದರೆ ಏನಾಗುತ್ತದೆ ಎಂಬುದನ್ನು ಆ ಅಧ್ಯಯನ ತೋರಿಸಿತೇ ಹೊರತು, ಐದು ವಾರಗಳಲ್ಲಿ ಆರು ಕಿಲೋ ಕಳೆದುಕೊಂಡವರ ಮಾತನ್ನು ಅದು ಹೇಳುವುದಿಲ್ಲ. ನಿಮ್ಮ ತಂದೆಯವರು ಆ ಎರಡನೆಯ ಸಾಲಿಗೆ ಸೇರಿದವರು. ಆದ್ದರಿಂದ ‘ಪುಡಿ ವ್ಯರ್ಥ’ ಎಂದು ನಾನು ಕೈ ತೊಳೆದುಕೊಳ್ಳುವುದಿಲ್ಲ. ‘ಪ್ರೋಟೀನ್ ಬೇಕು, ಅದು ಪುಡಿಯಿಂದಲೇ ಬರಬೇಕಿಲ್ಲ’ ಎನ್ನುತ್ತೇನೆ.

ಮೂತ್ರಪಿಂಡ ಚೆನ್ನಾಗಿದ್ದರೆ ಈ ಸ್ಥಿತಿಯಲ್ಲಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 58 ಕಿಲೋಗೆ ದಿನಕ್ಕೆ 58ರಿಂದ 70 ಗ್ರಾಂ ಆಯಿತು. ಮೂರು ಜೋಳದ ರೊಟ್ಟಿಯಿಂದ ಸುಮಾರು 15 ಗ್ರಾಂ ಬರುತ್ತದೆ. ಎರಡು ಹೊತ್ತು ಗಟ್ಟಿ ಬೇಳೆ ಉಂಡರೆ 13, ಒಂದು ಬಟ್ಟಲು ಬೇಯಿಸಿ ಕಿವುಚಿದ ಹೆಸರುಕಾಳಿನಿಂದ 9, ಎರಡು ಸಣ್ಣ ಲೋಟ ಹಾಲಿನಿಂದ 10, ಒಂದು ಬಟ್ಟಲು ಮೊಸರಿನಿಂದ 5, ನುಣ್ಣಗೆ ಅರೆದ 30 ಗ್ರಾಂ ಶೇಂಗಾದಿಂದ 7, ಅಷ್ಟೇ ಪುಠಾಣಿ ಹಿಟ್ಟಿನಿಂದ 6. ಎಲ್ಲ ಕೂಡಿದರೆ 65ರ ಸುತ್ತ ಬಂತು. ಮೊಟ್ಟೆ ತಿನ್ನುವ ಮನೆಯಾದರೆ ಎರಡು ಮೊಟ್ಟೆಗೆ 12 ಗ್ರಾಂ, ಲೆಕ್ಕ ಇನ್ನೂ ಸುಲಭ. ನಿಮ್ಮ ಡಬ್ಬಿಯ ಹಿಂದೆ ಒಂದು ಸಲದ ಅಳತೆಗೆ ಎಷ್ಟು ಪ್ರೋಟೀನ್, ಎಷ್ಟು ಸಕ್ಕರೆ ಎಂದು ಬರೆದಿದೆ, ನೋಡಿ ಹೇಳುತ್ತೀರಾ?

ನವನಗರದ_ಮಗಳು

30 ಗ್ರಾಂ ಪುಡಿಗೆ 9 ಗ್ರಾಂ ಪ್ರೋಟೀನ್, 8 ಗ್ರಾಂ ಸಕ್ಕರೆ ಎಂದಿದೆ. ಸಕ್ಕರೆ ಕಾಯಿಲೆಯವರಿಗೆ ಇದನ್ನೇ ಕೊಡುತ್ತಿದ್ದೆವಲ್ಲ ಎಂದು ಈಗ ಎದೆ ಧಸಕ್ಕೆಂದಿತು.

ಮುಂಡರಗಿ_ರೈತ

ಒಂದು ಬಟ್ಟಲು ಹೆಸರುಕಾಳು! ನಾವು ಅದನ್ನು ಬೆಳೆದು ಮಾರಿ, ಆ ದುಡ್ಡಿನಲ್ಲಿ ಡಬ್ಬಿ ತರುತ್ತೇವೆ.

ನಿವೃತ್ತ_ಮಾಸ್ತರ (ಅಣ್ಣಿಗೇರಿ)

ನನಗೇ ನಾಲ್ಕು ವರ್ಷಗಳ ಹಿಂದೆ ಬಲಗಡೆ ಲಕ್ವಾ ಆಗಿತ್ತು. ಈ ಸಾಲುಗಳನ್ನು ಎಡಗೈಯ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ, ಆದ್ದರಿಂದ ತಡವಾದರೆ ಕ್ಷಮೆಯಿರಲಿ.

ಮಗಳೇ, ನೀವೆಲ್ಲ ಗ್ರಾಮುಗಳ ಲೆಕ್ಕ ಮಾಡುತ್ತಿದ್ದೀರಿ. ನಾನು ಬೇರೆ ಒಂದು ಮಾತು ಕೇಳುತ್ತೇನೆ: ನಿಮ್ಮ ತಂದೆಯವರು ಯಾವ ಕೈಯಿಂದ ಉಣ್ಣುತ್ತಿದ್ದಾರೆ?

ನನಗೆ ಮೊದಲ ಎರಡು ತಿಂಗಳಲ್ಲಿ ಒಂಬತ್ತು ಕಿಲೋ ಇಳಿಯಿತು. ವೈದ್ಯರು ಹಸಿವಿಗೆ ಔಷಧ ಬರೆದರು, ಮಗ ಡಬ್ಬಿ ತಂದ. ಹಸಿವು ಇತ್ತು. ಎಡಗೈಯಿಂದ ಉಣ್ಣಲು ನನಗೆ ನಾಚಿಕೆಯಾಗುತ್ತಿತ್ತು. ಅರವತ್ತು ವರ್ಷ ಯಾವ ಕೈಯನ್ನು ಊಟದ ತಟ್ಟೆಯಿಂದ ದೂರ ಇಟ್ಟಿದ್ದೆನೋ, ಎಷ್ಟು ಮಕ್ಕಳಿಗೆ ‘ಎಡಗೈಯಲ್ಲಿ ತಿನ್ನಬ್ಯಾಡ’ ಎಂದು ಗದರಿಸಿದ್ದೆನೋ, ಅದೇ ಕೈಯನ್ನು ಸೊಸೆಯ ಮುಂದೆ ಬಾಯಿಗೆ ಒಯ್ಯುವುದಾಗುತ್ತಿರಲಿಲ್ಲ. ಹೆಂಡತಿ ತುತ್ತು ಮಾಡಿ ಕೊಟ್ಟರೆ ನಾಲ್ಕು ತುತ್ತಿಗೆ ‘ಸಾಕು’ ಎನ್ನುತ್ತಿದ್ದೆ, ಏಕೆಂದರೆ ಅವಳು ಇನ್ನೂ ಉಂಡಿರಲಿಲ್ಲ. ಯಾರಾದರೂ ನೋಡಲು ಬಂದ ದಿನ ಊಟವೇ ಇರಲಿಲ್ಲ. ಇದನ್ನು ಯಾವ ವೈದ್ಯರಿಗೂ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ನವನಗರದ_ಮಗಳು

ಸರ್, ನಿಮ್ಮ ಬರಹ ಓದಿ ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದೆ. ಅಪ್ಪ ಮಧ್ಯಾಹ್ನ ಅವಳ ಕೈಯಿಂದ ಒಂದು ರೊಟ್ಟಿ ತಿಂದು ಸಾಕೆನ್ನುತ್ತಾರಂತೆ. ಕಳೆದ ರವಿವಾರ ಬೀಗರು ಬಂದಾಗ ‘ಹೊಟ್ಟೆ ಸರಿಯಿಲ್ಲ’ ಎಂದು ಮಲಗಿದ್ದರು. ನಾವು ಅದನ್ನು ನಿಜವೆಂದೇ ನಂಬಿದ್ದೆವು.

ಧಾರವಾಡ_ಫಿಸಿಯೋ

ಮಾಸ್ತರರೇ, ನಾನು ಹನ್ನೆರಡು ವರ್ಷ ಈ ಕೆಲಸದಲ್ಲಿದ್ದೇನೆ, ಈ ಪ್ರಶ್ನೆಯನ್ನು ಒಬ್ಬ ರೋಗಿಗೂ ಕೇಳಿಲ್ಲ. ನಾಳೆಯಿಂದ ಕೇಳುತ್ತೇನೆ.

ಇದರ ಜೊತೆಗೆ ಲಕ್ವಾದ ನಂತರ ಮನಸ್ಸು ಕುಗ್ಗುವುದು ಬಹಳ ಸಾಮಾನ್ಯ, ಅದರಿಂದಲೂ ಊಟ ಬಿಡುತ್ತಾರೆ. ತಂದೆಯವರು ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಅದಕ್ಕೆ ಚಿಕಿತ್ಸೆ ಇದೆ.

ಕಲಘಟಗಿ_ಆಯುರ್ವೇದ

ಇಲ್ಲಿ ಎಲ್ಲರೂ ಗುಳಿಗೆ ಮತ್ತು ಗ್ರಾಮುಗಳ ಮಾತನ್ನೇ ಆಡುತ್ತಿದ್ದೀರಿ. ಪಕ್ಷಾಘಾತಕ್ಕೆ ನಮ್ಮ ಶಾಸ್ತ್ರದಲ್ಲಿ ಸಾವಿರಾರು ವರ್ಷಗಳ ಚಿಕಿತ್ಸಾಕ್ರಮವಿದೆ, ಅದನ್ನು ಒಂದು ಸಾಲಿನಲ್ಲಿಯೂ ಯಾರೂ ನೆನೆಯಲಿಲ್ಲ.

ಬೆಟಗೇರಿ_ನೇಕಾರ (ಗದಗ)

ನೆನೆಯುತ್ತೇನೆ ಸರ್. ನಮ್ಮ ತಾಯಿಗೆ ಲಕ್ವಾ ಹೊಡೆದಾಗ ಮೊದಲು ಪಾರಿವಾಳದ ರಕ್ತ ಸವರಿರಿ ಎಂದರು, ಸವರಿದೆವು. ನಂತರ ಒಂದು ಊರಿನಲ್ಲಿ ಪ್ರತಿ ಅಮಾವಾಸ್ಯೆಗೆ ಪುಡಿ ಕೊಡುತ್ತಾರೆಂದು ಟೆಂಪೋ ಮಾಡಿಕೊಂಡು ಹೋದೆವು. ಕಾಗದದ ಪೊಟ್ಟಣ, ಹೆಸರಿಲ್ಲ, ಊರಿಲ್ಲ. ವಾರದೊಳಗೆ ತಾಯಿಯ ಮುಖ ತುಂಬಿಕೊಂಡಿತು, ಹಸಿವು ಹೆಚ್ಚಾಯಿತು, ನಾವೆಲ್ಲ ಔಷಧ ಹತ್ತಿತು ಎಂದು ಹಿಗ್ಗಿದೆವು. ಇಪ್ಪತ್ತನೇ ದಿನ ಸಕ್ಕರೆ 400 ದಾಟಿ ಎಚ್ಚರ ತಪ್ಪಿದರು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕೆಂದು ವೈದ್ಯರು ಶಂಕಿಸಿದರು. ಹಿಗ್ಗಿದ್ದಕ್ಕೆ ಇವತ್ತಿಗೂ ನಾಚಿಕೆ ಇದೆ.

ಕಲಘಟಗಿ_ಆಯುರ್ವೇದ

ಅದು ಆಯುರ್ವೇದವಲ್ಲ, ಅದು ಪೊಟ್ಟಣ. ಪರವಾನಗಿಯ ಸಂಖ್ಯೆ, ತಯಾರಕರ ವಿಳಾಸ, ಘಟಕಗಳ ಪಟ್ಟಿ ಇಲ್ಲದ ಪುಡಿಯನ್ನು ನಾನೂ ಕೊಡುವುದಿಲ್ಲ, ಯಾವ ಪದವೀಧರ ವೈದ್ಯನೂ ಕೊಡಬಾರದು. ಎಣ್ಣೆ ಹಚ್ಚಿ ಮೃದುವಾಗಿ ತೀಡುವುದನ್ನು ಯಾರೂ ವಿರೋಧಿಸಲಾರರು. ಹೊಟ್ಟೆಗೆ ಏನನ್ನಾದರೂ ಕೊಡುವುದಾದರೆ ಹೆಪ್ಪುನಿರೋಧಕ ಗುಳಿಗೆಯ ಹೆಸರನ್ನು ನಮಗೂ, ನಾವು ಕೊಟ್ಟದ್ದನ್ನು ಅಲೋಪತಿ ವೈದ್ಯರಿಗೂ ತಿಳಿಸಬೇಕು. ಬಹುತೇಕ ಮನೆಗಳಲ್ಲಿ ಎರಡೂ ಕಡೆ ಮುಚ್ಚಿಡುತ್ತಾರೆ. ಅಲ್ಲಿಯೇ ಅನಾಹುತ.

ಧಾರವಾಡ_ಫಿಸಿಯೋ

ತೀಡುವಾಗ ಭುಜ ಹಿಡಿದು ಎಳೆಯಬಾರದು ಎಂಬುದನ್ನೂ ಸೇರಿಸಿಕೊಳ್ಳಿ. ಸೋತ ಕೈಯ ಭುಜದ ಕೀಲು ಸುಲಭವಾಗಿ ಜಾರುತ್ತದೆ. ಅದು ಜಾರಿದರೆ ನೋವಿನಿಂದ ಮೂರು ತಿಂಗಳ ವ್ಯಾಯಾಮವೇ ನಿಲ್ಲುತ್ತದೆ.

ವಿದ್ಯಾನಗರ_ವಕೀಲ (ಹುಬ್ಬಳ್ಳಿ)

ಕಾನೂನಿನ ಮಾತು ಬಂದದ್ದಕ್ಕೆ ಎರಡು ಸಾಲು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಅನುಸೂಚಿಯಲ್ಲಿ ಪಾರ್ಶ್ವವಾಯುವಿನ ಹೆಸರಿದೆ; ‘ಇದರಿಂದ ಲಕ್ವಾ ವಾಸಿಯಾಗುತ್ತದೆ’ ಎಂದು ಜಾಹೀರಾತು ಕೊಡುವುದೇ ಅಪರಾಧ. ಪೂರಕ ಆಹಾರದ ಡಬ್ಬಿಗಳಿಗೆ ಆಹಾರ ಸುರಕ್ಷತಾ ನಿಯಮಗಳಿವೆ. ‘ಔಷಧೀಯ ಬಳಕೆಗಲ್ಲ’ ಎಂದು ಡಬ್ಬಿಯ ಮೇಲೆಯೇ ಮುದ್ರಿಸಬೇಕು, ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆಯೂ ಇರಬೇಕು. ನಿಮ್ಮ ಕಪಾಟಿನ ಡಬ್ಬಿಯನ್ನು ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ.

ಶಿರಹಟ್ಟಿ_ಹುಡುಗ

ನಮ್ಮ ಡಬ್ಬಿಯಲ್ಲಿಯೂ ಇದೆ. ಇಷ್ಟು ದಿನ ಕಂಡಿರಲಿಲ್ಲ.

ರಾಣೇಬೆನ್ನೂರು_ಸೊಸೆ

ಔಷಧ ಮತ್ತು ಊಟದ ಜಗಳಕ್ಕೆ ನಮ್ಮ ಮನೆಯದೇ ಉದಾಹರಣೆ ಇದೆ. ನಮ್ಮ ಅತ್ತೆಯವರಿಗೆ ಹೃದಯದ ಬಡಿತ ತಾಳ ತಪ್ಪಿ ಅದರಿಂದ ಲಕ್ವಾ ಆಯಿತು. ಅವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಏಸಿಟ್ರೋಮ್ ಗುಳಿಗೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿಯಲು ತಿಂಗಳಿಗೊಮ್ಮೆ ಐಎನ್‌ಆರ್ ಪರೀಕ್ಷೆ. ಅದು 2ರಿಂದ 3ರ ನಡುವೆ ಇರಬೇಕು. ರಕ್ತ ಕಡಿಮೆಯಾಗಿದೆ ಎಂದು ಯಾರೋ ಹೇಳಿದ್ದಕ್ಕೆ ನಾನು ಹದಿನೈದು ದಿನ ಬಿಡದೆ ಮೆಂತ್ಯಪಲ್ಯ, ಪಾಲಕ, ರಾಜಗಿರಿ ಉಣಿಸಿದೆ. ಐಎನ್‌ಆರ್ 2.4ರಿಂದ 1.3ಕ್ಕೆ ಕುಸಿಯಿತು. ಸೊಪ್ಪಿನ ವಿಟಮಿನ್ ಕೆ ಆ ಗುಳಿಗೆಯ ಕೆಲಸವನ್ನೇ ಕಟ್ಟಿಹಾಕುತ್ತದೆಯಂತೆ. ಅಂದಿನಿಂದ ಸೊಪ್ಪನ್ನೇ ಬಿಟ್ಟಿದ್ದೇವೆ.

ಆಹಾರ_ತಜ್ಞೆ (ಧಾರವಾಡ)

ಬಿಡಬೇಡಿ ಅಕ್ಕಾ, ಅದು ಇನ್ನೊಂದು ತುದಿಯ ತಪ್ಪು. ವಾರಕ್ಕೆ ಎಷ್ಟು ದಿನ ಎಷ್ಟು ಪಲ್ಯ ಎಂಬುದನ್ನು ಒಂದೇ ಸಮ ಇಟ್ಟುಕೊಂಡರೆ ವೈದ್ಯರು ಗುಳಿಗೆಯನ್ನು ಅದಕ್ಕೆ ಹೊಂದಿಸುತ್ತಾರೆ. ಮೇಲೆ ಕೇಳಿದ ತಂದೆಯವರು ಕ್ಲೋಪಿಡೋಗ್ರೆಲ್‌ನಲ್ಲಿದ್ದಾರೆ, ಅವರಿಗೆ ಸೊಪ್ಪಿನ ಈ ತೊಡಕಿಲ್ಲ.

ಅವರ ವಿಷಯದಲ್ಲಿ ನಾನು ಎರಡು ರಕ್ತಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಒಂದು ಬಿ12: ಅದು ಕಾಳು ಸೊಪ್ಪುಗಳಲ್ಲಿ ಇರುವುದಿಲ್ಲ, ಹಾಲು ಮೊಸರಿನಿಂದ ಸ್ವಲ್ಪ ಬರುತ್ತದೆ, ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಆ ಸ್ವಲ್ಪವೂ ಸರಿಯಾಗಿ ಹೀರಲ್ಪಡುವುದಿಲ್ಲ. ಕೊರತೆಯಿದ್ದರೆ ಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಮರೆವು, ಎಲ್ಲವೂ ಲಕ್ವಾದ ಖಾತೆಗೆ ಜಮಾ ಆಗುತ್ತವೆ. ಆದರೆ ಕೊರತೆಯೇ ಇಲ್ಲದವರಿಗೆ ಬಿ ವಿಟಮಿನ್ ಸುರಿದರೆ ಏನೂ ಆಗದು. 2010ರ ‘ವೈಟಾಟಾಪ್ಸ್’ ಅಧ್ಯಯನದಲ್ಲಿ 8,164 ಜನರಿಗೆ ವರ್ಷಗಳ ಕಾಲ ಕೊಟ್ಟು ನೋಡಿದರೂ ಮತ್ತೆ ಲಕ್ವಾ ಆಗುವುದು ಗಣನೀಯವಾಗಿ ತಪ್ಪಲಿಲ್ಲ. ಇನ್ನೊಂದು ವಿಟಮಿನ್ ಡಿ. ಮನೆಯೊಳಗೇ ಕುಳಿತವರಲ್ಲಿ ಕಡಿಮೆಯಾಗಿರುತ್ತದೆ, ಸೋತ ಕಡೆಯ ಎಲುಬು ಸವೆಯುತ್ತದೆ, ಬಿದ್ದರೆ ಮುರಿಯುತ್ತದೆ. ಕಡಿಮೆಯಿದ್ದರೆ ಮಾತ್ರ ತುಂಬಿಸಿ.

ಹಾವೇರಿ_ಮೆಡಿಕಲ್

ಆ 60,000 ಯೂನಿಟ್‌ನ ಡಿ ಪೊಟ್ಟಣ ವಾರಕ್ಕೆ ಒಂದು, ದಿನಕ್ಕೆ ಒಂದಲ್ಲ. ದಿನಾ ತೆಗೆದುಕೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿಯಾಗಿ ಬಂದವರನ್ನು ನಾನೇ ಇಬ್ಬರನ್ನು ಕಂಡಿದ್ದೇನೆ.

ಬ್ಯಾಡಗಿ_ಕಾಕಾ

ಊಟಕ್ಕೆ ಏನು ಸೇರಿಸಬೇಕೆಂದು ಎಲ್ಲರೂ ಹೇಳಿದಿರಿ, ತಟ್ಟೆಯಿಂದ ಏನು ತೆಗೆಯಬೇಕೆಂದು ಒಬ್ಬರೂ ಹೇಳಲಿಲ್ಲ. ಉಪ್ಪು! ನಮ್ಮ ತಟ್ಟೆಯ ಅಂಚಿನಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ರಂಜಕ, ಉಪ್ಪಿನಕಾಯಿ, ಹಪ್ಪಳ, ಸಂಜೆಗೆ ಮಿರ್ಚಿಭಜಿ. ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಚಹಾ ಚಮಚೆ. ನಮ್ಮ ಮನೆಯಲ್ಲಿ ಅದು ಬೆಳಗಿನ ನಾಷ್ಟಾಕ್ಕೇ ಮುಗಿಯುತ್ತದೆ. ಬಿಪಿಯಿಂದ ಲಕ್ವಾ ಆದವರಿಗೆ ಎಂಥ ಡಬ್ಬಿ ಕೊಟ್ಟರೂ ರಂಜಕದ ಭರಣಿ ಮೇಜಿನ ಮೇಲಿದ್ದರೆ ಏನು ಬಂತು?

ಮುಂಡರಗಿ_ರೈತ

ಬ್ಯಾಡಗಿಯವರೇ ರಂಜಕ ಬೇಡವೆಂದರೆ ಮೆಣಸಿನಕಾಯಿ ಯಾರಿಗೆ ಮಾರುವುದು ಕಾಕಾ?

ಬ್ಯಾಡಗಿ_ಕಾಕಾ

ಖಾರಕ್ಕೆ ನಾನು ಬೇಡವೆಂದೆನೇ? ಉಪ್ಪಿಗೆ ಎಂದೆ. ಓದಿ ಮಾತಾಡು.

ಆಹಾರ_ತಜ್ಞೆ (ಧಾರವಾಡ)

ಕಾಕಾ ಹೇಳಿದ್ದರಲ್ಲಿ ತೂಕವಿದೆ. ಚೀನಾದ ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉಪ್ಪಿನ ಕಾಲು ಭಾಗವನ್ನು ಪೊಟ್ಯಾಸಿಯಂ ಕ್ಲೋರೈಡಿಗೆ ಬದಲಿಸಿದ್ದರಿಂದ ಲಕ್ವಾ 14 ಶೇಕಡಾ ಕಡಿಮೆಯಾಯಿತು, ಅವರಲ್ಲಿ ಹತ್ತಕ್ಕೆ ಏಳು ಮಂದಿ ಮೊದಲೇ ಲಕ್ವಾ ಆದವರು. ಇಷ್ಟು ಫಲ ಕೊಟ್ಟ ‘ಸಪ್ಲಿಮೆಂಟ್’ ನನಗೆ ಬೇರೆ ನೆನಪಾಗುತ್ತಿಲ್ಲ. ಆದರೆ ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದು ಅಪಾಯ. ಈ ತಂದೆಯವರು ತೆಗೆದುಕೊಳ್ಳುವ ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಪೊಟ್ಯಾಸಿಯಂ ನೋಡದೆ ಆ ಉಪ್ಪನ್ನು ಅಂಗಡಿಯಿಂದ ತರಬೇಡಿ. ಸದ್ಯಕ್ಕೆ ಉಪ್ಪು ಹಾಕದೆ ಹಿಂಡಿ ಕುಟ್ಟಿಸಿ.

ನವನಗರದ_ಮಗಳು

ಮೂರು ವಾರವಾಯಿತು, ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ನುಂಗುವ ಪರೀಕ್ಷೆ ಮಾಡಿಸಿದೆವು. ತೆಳು ದ್ರವ ಸದ್ಯಕ್ಕೆ ಬೇಡ, ಅಂಬಲಿಯಷ್ಟು ಗಟ್ಟಿ ಇರಲಿ ಎಂದರು. ನೀರಿಗೆ ಬೆರೆಸಲು ಒಂದು ಪುಡಿ ಕೊಟ್ಟು ಅಳತೆ ತೋರಿಸಿದ್ದಾರೆ. ರೊಟ್ಟಿಯನ್ನು ಚೂರು ಮಾಡಿ ಗಟ್ಟಿ ಬೇಳೆಯಲ್ಲಿ ಹತ್ತು ನಿಮಿಷ ನೆನೆಸುತ್ತೇವೆ. ಬಿ12 ಕಡಿಮೆ ಇದೆ, 148 ಬಂತು, ಇಂಜೆಕ್ಷನ್ ಶುರುವಾಗಿದೆ. ಕ್ರಿಯಾಟಿನಿನ್ ಸರಿಯಿದೆ. ಸಿಟಿಕೋಲಿನ್, ವಿಟಮಿನ್ ಇ, ಮೀನೆಣ್ಣೆ ಮೂರನ್ನೂ ವೈದ್ಯರನ್ನು ಕೇಳಿ ನಿಲ್ಲಿಸಿದೆವು. ಉಳಿದ ದುಡ್ಡಿನಲ್ಲಿ ಫಿಸಿಯೋ ವಾರಕ್ಕೆ ಎರಡರ ಬದಲು ನಾಲ್ಕು ದಿನ ಬರುತ್ತಾರೆ. ತೂಕ 59.4.

ಕೈಯ ಮಾತು. ಮಾಸ್ತರರ ಮಾತು ಓದಿದ ಮೇಲೆ ಅಪ್ಪನಿಗೆ ಒಂದು ಅಂಚು ಎತ್ತರವಿರುವ ತಟ್ಟೆ ಮತ್ತು ಚಮಚೆ ಕೊಟ್ಟೆವು. ಮೊದಲ ದಿನ ಚಮಚೆಯನ್ನು ಸರಿಸಿಬಿಟ್ಟರು. ಎರಡನೆಯ ದಿನ ಅವ್ವ ಏನೂ ಹೇಳದೆ ತನ್ನ ತಟ್ಟೆ ತಂದು ಎದುರಿಗೆ ಕುಳಿತು, ತಾನೂ ಚಮಚೆಯಲ್ಲಿಯೇ ಬೇಳೆ ಉಂಡಳು. ಇಷ್ಟು ವರ್ಷಗಳಲ್ಲಿ ಅವಳು ಚಮಚೆಯಲ್ಲಿ ಉಂಡದ್ದನ್ನು ನಾನು ಕಂಡಿಲ್ಲ. ಅಪ್ಪ ಸ್ವಲ್ಪ ಹೊತ್ತು ನೋಡಿ, ‘ಚೆಲ್ಲತೀ ನೋಡು’ ಎಂದು ತಾವೇ ಎಡಗೈಯಲ್ಲಿ ತೆಗೆದುಕೊಂಡರು. ಬಲಗೈಗೆ ಫಿಸಿಯೋದವರು ಹೇಳಿದ ಕೆಲಸ ಬೇರೆ ಇದೆ: ಒಂದು ಬಟ್ಟಲಿನಲ್ಲಿ ಶೇಂಗಾಕಾಯಿ ಇಟ್ಟು ಒಂದೊಂದನ್ನೇ ಇನ್ನೊಂದಕ್ಕೆ ಹಾಕುವುದು. ನಿನ್ನೆ ಏಳು ಹಾಕಿದರು, ಎಂಟನೆಯದು ಉರುಳಿ ಮಂಚದ ಕೆಳಗೆ ಹೋಯಿತು.

ಒಂದೇ ತೊಂದರೆ, ಚಮಚೆ ಅವರ ಎಡಗೈಯಲ್ಲಿ ತಿರುಗುತ್ತದೆ.

ನಿವೃತ್ತ_ಮಾಸ್ತರ (ಅಣ್ಣಿಗೇರಿ)

ಹಿಡಿಕೆಗೆ ಹಳೆಯ ಪಂಜೆಯ ಅರಿವೆ ಸುತ್ತಿ ದಾರ ಬಿಗಿಯಿರಿ. ದಪ್ಪವಾದಷ್ಟೂ ಹಿಡಿತ ಸಿಗುತ್ತದೆ. ನನ್ನದು ಹಾಗೆಯೇ ಇದೆ, ನಾಲ್ಕು ವರ್ಷದಲ್ಲಿ ಮೂರು ಸಲ ಅರಿವೆ ಬದಲಿಸಿದ್ದೇನೆ.

ಶಿರಹಟ್ಟಿ_ಹುಡುಗ

ಅಕ್ಕಾ, ಉಳಿದ ಪ್ರೋಟೀನ್ ಪುಡಿಯನ್ನು ಏನು ಮಾಡಿದಿರಿ?

ನವನಗರದ_ಮಗಳು

ತಮ್ಮನ ಮಗ ತಿಂದು ಮುಗಿಸಿದ. ಡಬ್ಬಿಯಲ್ಲಿ ಅವ್ವ ಪುಠಾಣಿ ಹಿಟ್ಟು ತುಂಬಿಟ್ಟಿದ್ದಾಳೆ.